ಬೀಟೆ ಪೆಟ್ಟಿಗೆಯ ನಾಲ್ಕನೇ ಕಾವಲುಗಾರ

“ಹೊಂಗೇಕೋಟೆ ಚಂದ್ರರಸರ ಅಪ್ಪಣೆ. ಮಗಳು ಮುತ್ತಾಜಮ್ಮಣ್ಣಿಯವರು ಒಂದು ಬೀಟೆ ಮರದ ಪೆಟ್ಟಿಗೆಗೆ ರೇಷ್ಮೆ ಹೊದಿಸಿ ಇಟ್ಟಿದ್ದಾರೆ. ಅದರೊಳಗೆ ಇರುವುದರ ಮೇಲೆ ಮೂರು ಒಗಟು. ಮೂರನ್ನೂ ಬಿಡಿಸಿದವನಿಗೆ ಅಮ್ಮಣ್ಣಿಯವರನ್ನು ಕೊಟ್ಟು ಮದುವೆ, ಮೇಲೆ ಅರ್ಧ ರಾಜ್ಯ. ತಪ್ಪಿದವನ ತಲೆ ಶುಕ್ರವಾರ ಕೋಟೆ ಬಾಗಿಲಿಗೆ.”

ಆ ಡಂಗುರದ ಏಟಿಗೆ ನಮ್ಮೂರ ಕೆರೆಯ ಮೀನೆಲ್ಲ ದಡಕ್ಕೆ ಹಾರಿ ಬಿದ್ದವು. ಹೆಕ್ಕಿ ತಂದು ಸಾರು ಮಾಡಿಸಿದವನು ನಾನೇ, ಹಾಗಾಗಿ ಯಾರೂ ಅನುಮಾನ ಪಡಬೇಡಿ.

ಪರೀಕ್ಷೆಯ ದಿನ ಅರಮನೆ ಅಂಗಳಕ್ಕೆ ಶಾಮಿಯಾನ ಹಾಕಿದರು. ಅದಕ್ಕೆ ದೀಪದ ಸರ ಕಟ್ಟುತ್ತಿದ್ದವನು ನಮ್ಮ ಕೇರಿಯ ಕೆಂಪಸಿದ್ದ. ಮದುವೆಮನೆಗೆ ಲೈಟು ಹಾಕಿ ಹೊಟ್ಟೆ ಹೊರೆಯುವವನು, ಕಾಲಿಗೆ ಚಪ್ಪಲಿಯಿಲ್ಲ. ಏಣಿಯ ತುದಿಯಲ್ಲಿದ್ದ. ಕೆಳಗೆ ಏಣಿ ಹಿಡಿದಿದ್ದವನು ಯಾರು ಅನ್ನುವುದನ್ನು ಕೊನೆಗೆ ಹೇಳುತ್ತೇನೆ.

ಅಮ್ಮಣ್ಣಿ ಮೊದಲ ಒಗಟು ಹೇಳಿದಳು. “ನಾಲ್ಕು ದಿಕ್ಕಿಗೆ ನಾಲ್ವರು ಕಾವಲುಗಾರರು, ನಡುವೆ ಒಬ್ಬ ದೊರೆ. ದೊರೆ ಉತ್ತರಕ್ಕೆ ವಾಲಿದರೆ ದಕ್ಷಿಣದವನು ಕೂಗುತ್ತಾನೆ, ಪೂರ್ವಕ್ಕೆ ವಾಲಿದರೆ ಪಶ್ಚಿಮದವನು. ಏನದು?”

ಸಂಪಿಗೆಪುರದ ಪಾಳೇಗಾರನ ಮಗ ಮೀಸೆ ತಿರುವಿದ. “ಏತ. ಒಂದು ತುದಿ ಇಳಿದರೆ ಇನ್ನೊಂದು ಏರುತ್ತದೆ.”

“ಏತಕ್ಕೆ ನಾಲ್ಕು ದಿಕ್ಕು ಎಲ್ಲಿಂದ ಬಂತು, ಸ್ವಾಮಿ?” ಅಂದಳು. ಅವನನ್ನು ಸೆರೆಮನೆಗೆ ಎಳೆದೊಯ್ದರು.

ಆನೆ ವ್ಯಾಪಾರಿಯ ಮಗ ಎದ್ದ. “ಹೆಂಡತಿ ಇರೋ ಮನೆ. ಗಂಡ ಯಾವ ಕಡೆ ವಾಲಿದರೂ ಹಿಂದಿನಿಂದ ಕೂಗು.” ಸಭೆಯೆಲ್ಲ ನಕ್ಕಿತು, ದೊರೆಯೂ ನಕ್ಕ. ಆದರೂ ಅವನೂ ಸೆರೆಮನೆಗೇ ಹೋದ.

ನಗು ನಿಂತ ಮೇಲೂ ಏಣಿಯ ಮೇಲೆ ಒಬ್ಬ ನಗುತ್ತಲೇ ಇದ್ದ.

“ಯಾವನೋ ಅವನು?” ದೊರೆ ಕೇಳಿದ. “ಇಳಿಯೋ ಕೆಳಗೆ. ನಕ್ಕವನೂ ಉತ್ತರ ಹೇಳಬೇಕು. ತಪ್ಪಿದರೆ ನಿನ್ನ ತಲೆಯೂ ಶುಕ್ರವಾರಕ್ಕೇ.”

ಕೆಂಪಸಿದ್ದ ಕೈಯಲ್ಲಿದ್ದ ದೀಪದ ಸರವನ್ನು ಏಣಿಗೆ ಸುತ್ತಿದ. ಇಳಿದು ಬಂದು ಕೈಮುಗಿದ. “ಬುದ್ಧೀ, ಅದು ವಿಡಿಯೋ ಗೇಮ್ ಅಂಗಡಿ ಜಾಯ್‌ಸ್ಟಿಕ್ಕು. ಕೋಲು ನಡುವೆ ಸಿಕ್ಕಿಕೊಂಡಿರುತ್ತೆ, ಬುಡದ ಸುತ್ತ ನಾಲ್ಕು ಸ್ವಿಚ್ಚು. ಹಿಡಿಯನ್ನ ಮುಂದಕ್ಕೆ ತಳ್ಳಿದರೆ ಬುಡ ಹಿಂದಿನ ಸ್ವಿಚ್ಚನ್ನ ಒತ್ತುತ್ತೆ. ಅದೇ ಕೂಗೋದು, ಟಿಕ್ ಅಂತ.”

ಅಮ್ಮಣ್ಣಿ ರೇಷ್ಮೆ ಸರಿಸಿದಳು. ಪೆಟ್ಟಿಗೆಯ ಮೇಲೆ ಕೆಂಪು ಗುಂಡಿನ ಹಿಡಿ ನಿಂತಿತ್ತು.

“ಎರಡನೆಯದು ಕೇಳು. ನಾಲ್ವರ ಮನೆಗೂ ಹೋಗುವವಳು ಒಬ್ಬಳೇ. ಯಾರ ಸುದ್ದಿಯೂ ಅವಳದಲ್ಲ, ಆದರೆ ಅವಳಿಲ್ಲದೆ ಯಾರ ಸುದ್ದಿಯೂ ಅರಮನೆ ಮುಟ್ಟುವುದಿಲ್ಲ.”

“ಕರಿ ತಂತಿ,” ಅಂದ ಕೆಂಪಸಿದ್ದ. “ಒಂದೊಂದು ಸ್ವಿಚ್ಚಿಗೂ ಸ್ವಂತಕ್ಕೆ ಒಂದು ಬಣ್ಣದ ತಂತಿ. ಕರಿದು ಮಾತ್ರ ನಾಲ್ಕಕ್ಕೂ ಸುತ್ತಿ ಗೇಮ್ ಪೆಟ್ಟಿಗೆಯ ಕಂಟ್ರೋಲರ್ ಬೋರ್ಡಿಗೆ ಹೋಗುತ್ತೆ. ಬೋರ್ಡಿನ ಹತ್ತಿರ ಅದು ಕಿತ್ತರೆ ನಾಲ್ವರೂ ಮೂಗರೇ, ಅಮ್ಮಣ್ಣಿಯವರೇ. ಬೋರ್ಡೇ ನಿಮ್ಮ ಅರಮನೆ.”

ಅವಳು ಪೆಟ್ಟಿಗೆಗೆ ಜೋಡಿಸಿದ್ದ ಟೀವಿ ಹಚ್ಚಿದಳು. ಪರದೆಯ ಮೇಲಿನ ಪುಟ್ಟ ವೀರ ಯಾರೂ ಮುಟ್ಟದೆಯೇ ಎಡಕ್ಕೆ ಓಡತೊಡಗಿದ. ಹಿಡಿಯನ್ನು ಎಡಕ್ಕೆ ತಳ್ಳಿದಳು, ನಿಂತ. ಬಿಟ್ಟಳು, ಮತ್ತೆ ಓಡಿದ.

“ಇದೇ ಮೂರನೆಯದು. ಮೂವರು ಕಾವಲುಗಾರರು, ಕೆಣಕಿದರೆ ಕೂಗುತ್ತಾರೆ. ನಾಲ್ಕನೆಯವನು ಕೆಣಕಿದರೆ ಮಾತ್ರ ಸುಮ್ಮನಾಗುತ್ತಾನೆ. ಯಾಕೆ?”

ಕೆಂಪಸಿದ್ದ ಪರದೆ ನೋಡಿದ, ಅವಳ ಮುಖ ನೋಡಿದ. ಮೊದಲೆರಡು ಸಲ ಅವಳ ತುಟಿಯಂಚಿನಲ್ಲಿದ್ದ ನಗು ಈಗ ಇರಲಿಲ್ಲ.

“ತಲೆ ಹೋದರೂ ಹೋಗಲಿ, ಒಂದು ಮಾತು ಹೇಳ್ತೀನಿ. ಇದರ ಉತ್ತರ ನಿಮಗೂ ಗೊತ್ತಿಲ್ಲ.”

ದೊರೆಯ ಕೈ ಕತ್ತಿಗೆ ಹೋಯಿತು. ಅವಳು ಅಪ್ಪನ ಕೈ ತಡೆದಳು.

“ಗೊತ್ತಿದ್ದರೆ ನಿನ್ನನ್ನು ಯಾಕೆ ಕೇಳಲಿ? ಈ ತಂತಿಗಳನ್ನೆಲ್ಲ ಬೆಸೆದವಳು ನಾನೇ. ಗೊತ್ತಿರೋ ಎರಡನ್ನ ಕೇಳಿದ್ದು, ಗೊತ್ತಿಲ್ಲದ ಒಂದನ್ನ ಹೇಳಬಲ್ಲವನು ಯಾರು ಅಂತ ಹುಡುಕೋಕೆ.”

“ಹಾಗಾದರೆ ಕೇಳಿ. ಸ್ವಿಚ್ಚಿಗೆ ಮೂರು ಕಾಲು. ಒಂದು ಕರಿ ತಂತಿಗೆ. ಉಳಿದೆರಡರಲ್ಲಿ ಒಂದು ಒತ್ತಿದಾಗ ಸುದ್ದಿ ಕಳಿಸುತ್ತೆ, ಇನ್ನೊಂದು ಒತ್ತದೇ ಇದ್ದಾಗ. ನಾಲ್ಕನೆಯದರಲ್ಲಿ ನೀವು ತಂತಿ ಬೆಸೆದದ್ದು ಆ ಇನ್ನೊಂದು ಕಾಲಿಗೆ.”

ಅವಳು ಪೆಟ್ಟಿಗೆ ಬಿಚ್ಚಿದಳು, ಸೀಸ ಕಾಸಿದಳು, ತಂತಿಯನ್ನು ಪಕ್ಕದ ಕಾಲಿಗೆ ತಾನೇ ಬೆಸೆದಳು. ಕೆಂಪಸಿದ್ದ ದೀಪ ಹಿಡಿದ, ಅಷ್ಟೇ. ಪರದೆಯ ವೀರ ನಿಂತ. ಎಡಕ್ಕೆ ತಳ್ಳಿದಳು, ಓಡಿದ. ಬಿಟ್ಟಳು, ನಿಂತ.

“ಶುಕ್ರವಾರದ ತಲೆಗಳು?” ದೊರೆ ಕೇಳಿದ.

“ತಪ್ಪಿದವರ ತಲೆ ಹೋಗಬೇಕು ಅಂದರೆ ಮೊದಲು ನನ್ನದು, ಅಪ್ಪಾಜಿ.”

ದೊರೆ ಸೆರೆಮನೆಯಲ್ಲಿದ್ದ ಇಬ್ಬರನ್ನೂ ಬಿಡಿಸಿ, ಊಟ ಹಾಕಿಸಿ ಕಳಿಸಿದ.

ಮದುವೆ ಆಯಿತು, ಅರ್ಧ ರಾಜ್ಯವೂ ಬಂತು. ಮುಹೂರ್ತಕ್ಕೆ ಮದುಮಗ ಕಾಣದೆ ಪುರೋಹಿತರು ಗಾಬರಿಯಾದರು. ನೋಡಿದರೆ ಬಾಸಿಂಗ ಕಟ್ಟಿಕೊಂಡೇ ಏಣಿಯ ತುದಿಯಲ್ಲಿ ನಿಂತು ತನ್ನ ಮದುವೆಗೆ ತಾನೇ ದೀಪದ ಸರ ಕಟ್ಟುತ್ತಿದ್ದ. ಮದುಮಗಳು ಮೆಟ್ಟಿಲ ನಡುವೆ ನಿಂತು ತಂತಿ ಎತ್ತಿ ಕೊಡುತ್ತಿದ್ದಳು. ಆ ಏಣಿ ಎಷ್ಟು ಎತ್ತರ ಅಂದರೆ, ಮೋಡ ಅಡ್ಡ ಬಂದು ಆಗಾಗ ಅವನ ಕಾಲು ಕಾಣುತ್ತಿರಲಿಲ್ಲ.

ಪರೀಕ್ಷೆಯ ದಿನವೂ ಮದುವೆಯ ದಿನವೂ ಏಣಿಯನ್ನು ಅಲುಗದಂತೆ ಹಿಡಿದು ನಿಂತವನು ನಾನು. ಬೇಕಾದರೆ ನನ್ನ ಅಂಗೈ ನೋಡಿ, ಬಿದಿರಿನ ಗುರುತು ಇನ್ನೂ ಇದೆ.