ಉರಿಯ ಹೆಸರು, ಹುಳಿಯ ಹೆಸರು

ಬಹಳ ಹಿಂದಿನ ಕಾಲ ಎನ್ನಿ, ಹೊಳೆದಂಡೆಯ ಒಂದು ಪೇಟೆ ಎನ್ನಿ. ನೀಲಗಂಗವ್ವನ ಕೈಯಲ್ಲಿ ಉಪ್ಪಿನ ಅಂಗಡಿ ನಡೆಯುವುದಿಲ್ಲ ಎಂದು ಮೊದಲು ಹೇಳಿದವನು ಅವಳ ಭಾವ ಅಡಿವೆಪ್ಪ. ಆಮೇಲೆ ಪೇಟೆಯೆಲ್ಲ ಅದನ್ನೇ ಹೇಳಿತಂತೆ.

ಹೇಳುವುದಕ್ಕೆ ಕಾರಣವಿತ್ತು. ಆ ವರ್ಷ ಮಳೆ ಸೋರಿ ಚೀಲಗಳ ಮೇಲಿನ ಕಾವಿಯ ಗುರುತೆಲ್ಲ ತೊಳೆದುಹೋಗಿತ್ತು. ಅಡುಗೆಯ ಉಪ್ಪು, ಬಟ್ಟೆ ತೊಳೆಯುವ ಚೌಳುಪ್ಪು, ಪಟಾಕಿಯವರು ಒಯ್ಯುವ ಪೆಟ್ಲುಪ್ಪು, ಇಲಿಗೆ ಇಡುವ ಪಾಷಾಣ, ಎಲ್ಲವೂ ಬಿಳಿ. ಯಾವುದು ಯಾವುದೆಂದು ಅವಳ ಗಂಡ ನಾಲಿಗೆಗೆ ಇಟ್ಟು ನೋಡಿದ. ಅದು ಪಾಷಾಣವಾಗಿತ್ತು.

ಆಮೇಲೆ ಆ ಅಂಗಡಿಯ ಹರಳು ಯಾರ ಬಾಯಿಗೂ ಹೋಗಲಿಲ್ಲ. ಚೀಲಗಳನ್ನು ಹೊಳೆಗೆ ಸುರಿದು ಅಂಗಡಿ ತನಗೆ ಬಿಡು ಎಂದ ಅಡಿವೆಪ್ಪ. ಹಿರಿಯರು ಮುಂದಿನ ಸಂತೆಯವರೆಗೆ ತಾಳು ಎಂದರಂತೆ.

ಗಂಜಿ ಉಕ್ಕಿ ಒಲೆಗೆ ಬಿದ್ದಾಗ ಉರಿ ಹಳದಿಯಾಗುವುದನ್ನು ನೀಲಗಂಗವ್ವ ನೋಡಿದ್ದಳು. ಗಂಜಿಯಲ್ಲಿ ಉಪ್ಪಿತ್ತು. ಹಾಗಾಗಿ ಪ್ರತಿ ಚೀಲದಿಂದ ಚಿಟಿಕೆ ತೆಗೆದು ಒಲೆಗೆ ಹಾಕಿದಳು. ಕೆಲವು ಹಳದಿ ಉರಿದವು. ಕೆಲವು ಭುಗಿಲೆದ್ದು ನೇರಳೆ ಉರಿದವು. ಗಂಡನನ್ನು ಕೊಂದ ಚೀಲದ್ದು ಬಿಳಿ ಹೊಗೆಯಾಗಿ ಬೆಳ್ಳುಳ್ಳಿ ನಾತ ಹೊಡೆಯಿತು. ಆ ನಾತ ಮತ್ತೆಲ್ಲಿದೆ ಎಂದು ಎಲ್ಲದಕ್ಕೂ ಮೂಗೊಡ್ಡಿದಳು. ಅಷ್ಟರಲ್ಲಿ ಆ ಹೊಗೆಗೆ ಗಂಟಲು ಒಡೆದು, ದನಿ ಗೊಗ್ಗರಾಗಿತ್ತಂತೆ.

ಸಂತೆಯ ದಿನ, ಹಳದಿ ಉರಿದದ್ದೆಲ್ಲ ಅಡುಗೆಯ ಉಪ್ಪು ಎಂದು ಆ ಗೊಗ್ಗರು ದನಿಯಲ್ಲೇ ಸಾರಿದಳು. ಹಿರಿಯರ ಮುಂದೆ ಹುಣಿಸೆಹುಳಿ ಕುದಿಸಿ, ತಾನೇ ಉಣ್ಣುತ್ತೇನೆಂದು ಹಳದಿ ಉರಿದ ಒಂದು ಚೀಲದಿಂದ ಒಂದು ಹಿಡಿ ಹಾಕಿದಳು. ಹುಳಿ ಬುಸ್ಸೆಂದು ನೊರೆಯೆದ್ದು ಗಡಿಗೆ ದಾಟಿ ಹರಿಯಿತು. ಅದು ಬಟ್ಟೆ ತೊಳೆಯುವ ಚೌಳುಪ್ಪು.

“ಹೆಸರಿಟ್ಟಿದ್ದಾಯ್ತಲ್ಲ ತಂಗಿ, ಇನ್ನು ತೊಟ್ಟಿಲಿಗೆ ಹಾಕು,” ಎಂದ ಅಡಿವೆಪ್ಪ. ಎಲ್ಲರೂ ನಕ್ಕರು.

“ಅರ್ಧ ಹೆಸರು ಇಟ್ಟಿದ್ದೆ, ಭಾವ. ಇನ್ನರ್ಧ ಹುಳಿ ಹೇಳ್ತು,” ಎಂದಳಂತೆ.

ಇನ್ನೊಂದು ಹಳದಿ ಚೀಲದ್ದನ್ನು ಬೇರೆ ಗಡಿಗೆಗೆ ಹಾಕಿದಳು. ಹುಳಿ ಸುಮ್ಮನಿತ್ತು. ಅದನ್ನೇ ಅನ್ನಕ್ಕೆ ಕಲಸಿ ಉಂಡಳು. ಸಂಜೆಯವರೆಗೆ ಹಿರಿಯರು ಏಳಲಿಲ್ಲ. ಅವಳೂ ಬೀಳಲಿಲ್ಲ.

ಅಂದಿನಿಂದ ಅವಳ ಉಪ್ಪುಗಳಿಗೆ ಜೋಡಿ ಹೆಸರು: ಹಳದಿ-ಮೌನ, ಹಳದಿ-ನೊರೆ, ನೇರಳೆ-ಭುಗಿಲು. ಮೊದಲ ಹೆಸರು ಒಂದೇ ಇದ್ದರೆ ಒಳಗಿನ ಲೋಹವೂ ಒಂದೇ. ಎರಡನೆಯದು ಅದರ ಜೊತೆಗಾರನದು. ಶಾಲೆಯಲ್ಲಿ ಈಗ ಸೋಡಿಯಂ ಕ್ಲೋರೈಡ್, ಸೋಡಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ನೈಟ್ರೇಟ್ ಎಂದು ಕಲಿಸುವುದೂ ಹಾಗೆಯೇ: ಮೊದಲು ಲೋಹದ ಅಯಾನು, ಆಮೇಲೆ ಅದರ ಜೊತೆಯದು. ಆ ಪೇಟೆಯ ಮಕ್ಕಳಿಗೆ ಇದು ಕಷ್ಟವಾಗುವುದಿಲ್ಲವಂತೆ.

ಇಂದಿಗೂ ಅಲ್ಲಿಯ ಹೆಂಗಸರು ಹೊಸ ಉಪ್ಪು ತಂದರೆ ಒಂದು ಚಿಟಿಕೆ ಒಲೆಗೆ, ಒಂದು ಚಿಟಿಕೆ ಹುಳಿನೀರಿಗೆ ಹಾಕಿ, ಎರಡೂ ಹೆಸರನ್ನು ಗಟ್ಟಿಯಾಗಿ ಕೂಗಿ ಡಬ್ಬಿಗೆ ತುಂಬುತ್ತಾರೆ. ಕೂಗುವುದು ನೀಲಗಂಗವ್ವನ ಪರವಾಗಿ. ಅಂಗಡಿ ಅವಳದಾಯಿತು, ಅದರ ಹಿಂದಿನ ಗೋದಾಮೂ ಅವಳದಾಯಿತು. ಹೊಗೆಗೆ ಹೋದ ದನಿ ಮಾತ್ರ ಮತ್ತೆ ಬರಲಿಲ್ಲ.