ಎಳೆಯ ರಾಣಿಯ ಮೊದಲ ಅಪ್ಪಣೆ

ಹೊಂಗೆಮರದ ಪೊಟರೆಯ ಜೇನುಗೂಡಿನಲ್ಲಿ ಎಳೆಯ ರಾಣಿ, ತನಗೂ ತನ್ನ ಓರಗೆಯವರಿಗೂ ಬೇರೆ ರಾಜ್ಯ ಬೇಕೆಂದು ಕೇಳಿದಳು. ಕೂತು ತಿನ್ನುವ ಗಂಡುಜೇನುಗಳೇ ಮೊದಲು ಸಿಡುಕಿದವು: "ಇವಳಿಗೆ ಆಳಿ ಗೊತ್ತೇ? ಇನ್ನೊಂದು ಮಳೆಗಾಲ ಕಳೆಯಲಿ."

"ಆಳದೆ ಯಾರಿಗೆ ತಾನೇ ಗೊತ್ತಾದೀತು?" ಎಂದಳು ಮುದಿರಾಣಿ. ಅರ್ಧ ಬಳಗವನ್ನು ಕರೆದುಕೊಂಡು ತಾನೇ ಹೊರಟು ನಿಂತಳು.

ಮಗಳು ಗಾಬರಿಯಾದಳು. "ಅಮ್ಮಾ, ಹೋಗಬೇಕಾದವಳು ನಾನಲ್ಲವೇ?"

"ಬರಿಗೈಯಲ್ಲಿ ಗೂಡು ಕಟ್ಟುವುದು ನನಗೆ ಗೊತ್ತು, ಮಗಳೇ. ಹೊಸದಾಗಿ ಆಳುವವಳಿಗೆ ತುಂಬಿದ ಗೂಡಿರಲಿ."

ಅಮ್ಮನ ದಂಡು ಎದುರಿನ ಹುಣಸೆಮರ ಸೇರಿತು. ಜೇನು ತುಂಬಿ ನಿಂತ ಗೂಡನ್ನು ಮಗಳು ಒಂದು ಸುತ್ತು ಹಾಕಿ ನೋಡಿದಳು. ಆಮೇಲೆ ತನ್ನ ರಾಜ್ಯದ ಮೊದಲ ಅಪ್ಪಣೆ ಹೊರಡಿಸಿದಳು: "ಇವತ್ತಿನಿಂದ ಹುಣಸೆಯ ಹೂವನ್ನು ನಮ್ಮವರು ಯಾರೂ ಮುಟ್ಟಕೂಡದು. ಮೊದಲು ಅಮ್ಮನ ಗೂಡು ತುಂಬಲಿ."