ಗೀರಿಲ್ಲದ ಟ್ಯಾಬ್ಲೆಟ್

ರಿಪೇರಿ ಅಂಗಡಿಯ ಮೇಜಿನ ಮೇಲೆ ಎರಡು ಟ್ಯಾಬ್ಲೆಟ್‌ಗಳು ಅಕ್ಕಪಕ್ಕ ಇದ್ದವು. ಒಂದು ದುಬಾರಿಯದು, ಇನ್ನೊಂದು ಅಗ್ಗದ್ದು.

ದುಬಾರಿಯದು ಬೀಗುತ್ತ ಹೇಳಿತು: "ಕೊಂಡು ಎರಡು ವರ್ಷವಾದರೂ ನನ್ನ ಮೈಮೇಲೆ ಒಂದು ಗೀರಿಲ್ಲ. ಗಾಜಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಕಿತ್ತಿಲ್ಲ. ರೇಷ್ಮೆ ಸೀರೆಗಳ ಜೊತೆ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ನಿನ್ನ ಮೈಯೇಕೆ ಹೀಗಿದೆ?"

ಅಗ್ಗದ್ದು ಅಷ್ಟೇ ಹೆಮ್ಮೆಯಿಂದ ಎಂದಿತು: "ಬೆಲೆ ಕಡಿಮೆಯೆಂದೇ ನನ್ನನ್ನು ಅಡುಗೆಮನೆಗೂ ಕರೆಯುತ್ತಾರೆ. ಒಲೆಯ ಪಕ್ಕ ಹಾಡುತ್ತಿದ್ದಾಗ ಜಾರಿ ಬಿದ್ದು ಗಾಜು ಒಡೆಯಿತು. ಅಂಚಿನ ಈ ಅರಿಶಿನದ ಕಲೆ ನಮ್ಮಮ್ಮ ಅಡುಗೆಯ ನಡುವೆ ನನ್ನನ್ನು ಹಿಡಿದು ಓದಿದ ಗುರುತು. ನಿನಗೇನಾಗಿದೆ?"

"ಬಳಸದೇ ಇಟ್ಟು ಬ್ಯಾಟರಿ ಹೋಗಿದೆ," ಎಂದು ದುಬಾರಿಯದು ದನಿ ತಗ್ಗಿಸಿತು.

ಅಷ್ಟರಲ್ಲಿ ಅಂಬುಜಮ್ಮ ಏದುಸಿರು ಬಿಡುತ್ತ ಬಂದರು. "ನನ್ನ ಟ್ಯಾಬ್ಲೆಟ್ ಬೇಗ ಕೊಡಪ್ಪಾ! ಕಾದಂಬರಿ ಅರ್ಧಕ್ಕೇ ನಿಂತು ಊಟ ಸೇರುತ್ತಿಲ್ಲ."

ಅಂಗಡಿಯವನು ಹೊಸ ಗಾಜು ಹಾಕಿದ್ದ ಅಗ್ಗದ್ದನ್ನು ಕೊಟ್ಟು ಕೇಳಿದ: "ಇನ್ನೊಂದೂ ನಿಮ್ಮದೇ ಅಲ್ಲವೇ, ಅಮ್ಮಾ?"

"ಅದು ಒಳ್ಳೇದಪ್ಪಾ, ಹಾಳಾದೀತು ಅಂತಲೇ ಇದನ್ನು ತಗೊಂಡೆ. ಅದಕ್ಕೇನೂ ಅವಸರವಿಲ್ಲ," ಎಂದ ಅಂಬುಜಮ್ಮ ಅಗ್ಗದ್ದನ್ನು ಸೆರಗಿನಲ್ಲಿ ಒರೆಸಿ, ಅಂಗಡಿಯ ಮೆಟ್ಟಿಲ ಮೇಲೆಯೇ ಕೂತು ಓದತೊಡಗಿದರು.